ಬೇಕು, ಬೇಡ, ನನ್ನದಲ್ಲ

ನಮ್ಮ ಮನೆಯಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತುವ ಹಾಗಿಲ್ಲ. ಇದು ನಮ್ಮ ಯಜಮಾನರು, ಗುರುರಾಜ್, ಮಾಡಿಟ್ಟ ಕಾನೂನು. ಆಯಸ್ಸೆಲ್ಲ ಟೆಲಿಫೋನ್ ಕಾರ್ಖಾನೆಯಲ್ಲಿ ದುಡಿದು ಊರಿಗೆಲ್ಲ ಫೋನ್ ಮಾಡಿಕೊಟ್ಟ ಮನುಷ್ಯ, ಈಗ ಫೋನ್ ರಿಂಗಾದರೆ ಹಾವು ಕಂಡವರ ಹಾಗೆ ಹಿಂದೆ ಸರಿಯುತ್ತಾರೆ. ಕೊರಿಯರ್‌ನವರು ಕಾಲೊನಿ ಗೇಟಿನಲ್ಲಿ ನಿಂತು ಫೋನ್ ಮಾಡಿ ಮಾಡಿ ಬೈದುಕೊಂಡು ವಾಪಸ್ ಹೋಗಿದ್ದಾರೆ. ಗ್ಯಾಸಿನವನಂತೂ ನಮ್ಮನ್ನು ಕಂಡರೆ ಮುಖ ಆ ಕಡೆ ತಿರುಗಿಸುತ್ತಾನೆ.

ಅವರ ಭಯ ಪೂರ್ತಿ ಸುಳ್ಳಲ್ಲ ಅಂತ ನನಗೆ ಗೊತ್ತಾದದ್ದು ವೆಂಕಟಮ್ಮನ ಫಜೀತಿಯಿಂದ. ವೆಂಕಟಮ್ಮ ನಮ್ಮ ಕಾಲೊನಿಗೆ ಹೂವು ತರುವವಳು. ಕೆ.ಆರ್. ಪುರದ ಸಂತೆ ಹತ್ತಿರ ಛತ್ರಿ ಕೆಳಗೆ ಕೂತು ಸಿಮ್ ಮಾರುವವನೊಬ್ಬನ ಹತ್ತಿರ ಒಂದು ಸಿಮ್ ತಗೊಂಡಳು. ಹೆಬ್ಬೆಟ್ಟು ಒತ್ತಿಸಿಕೊಂಡವನು, "ಬೀಳ್ಲಿಲ್ಲಮ್ಮ, ಇನ್ನೊಂದ್ಸಲ ಒತ್ತು" ಅಂದ. ಹೂವಿನ ದಾರ ಎಳೆದು ಎಳೆದು ಸವೆದ ಬೆರಳು, ಬಿದ್ದಿರಲಿಕ್ಕಿಲ್ಲ ಅಂತ ಇವಳು ಮತ್ತೆ ಒತ್ತಿದಳು. ಮೊದಲ ಸಲವೇ ಸರಿಯಾಗಿ ಬಿದ್ದಿತ್ತು. ಎರಡನೇ ಸಲ ಒತ್ತಿದ್ದರಲ್ಲಿ ಅವಳ ಹೆಸರಿಗೆ ಇನ್ನೊಂದು ಸಿಮ್ ಹುಟ್ಟಿ, ಯಾರದೋ ಕೈ ಸೇರಿ, ಯಾವುದೋ ಊರಿನ ಮುದುಕರೊಬ್ಬರ ಪಿಂಚಣಿಯನ್ನು ಗುಳುಂ ಮಾಡಿತು. ಪೊಲೀಸರು ಹುಡುಕಿಕೊಂಡು ಬಂದದ್ದು ವೆಂಕಟಮ್ಮನ ಮನೆಗೆ.

ನಮ್ಮವರು ಅವಳ ಜೊತೆ ಸ್ಟೇಷನ್ನಿಗೆ ಹೋದರು. ಅಷ್ಟರ ಮಟ್ಟಿಗೆ ಒಳ್ಳೆಯ ಮನುಷ್ಯ. ಹೋದವರು ಬಂದದ್ದು ಸಂಜೆಗೆ.

"ಹೂವಿನ ಬುಟ್ಟಿ ಸಮೇತ ಬೆಂಚಲ್ಲಿ ಕೂರಿಸಿಬಿಟ್ಟಿದ್ರು ಕಣೆ. ಹೂವೆಲ್ಲ ಬಾಡಿದ್ಮೇಲೆ ಬಿಟ್ರು ಪಾಪ" ಅಂದರು. "ನಾಳೆ ಭಾನುವಾರ. ಮನೇಲಿರೋ ಫೋನೆಲ್ಲ ಚೆಕ್ ಮಾಡ್ಬಿಡ್ತೀನಿ. ಸರ್ಕಾರದ ವೆಬ್‌ಸೈಟ್ ಇದ್ಯಂತೆ. ನಮ್ಮ ಹೆಸರಲ್ಲಿ ಎಷ್ಟು ನಂಬರ್ ಓಡ್ತಿದೆ ಅಂತ ತೋರ್ಸತ್ತೆ."

ನನ್ನ ಕೈಲಿದ್ದ ಸೌಟು ಸಾರಿನೊಳಗೇ ಬಿತ್ತು.

ನನ್ನ ಹೆಸರಲ್ಲಿ ಎರಡು ನಂಬರ್ ಓಡುತ್ತಿತ್ತು. ಒಂದು ನನ್ನ ಹತ್ತಿರ. ಇನ್ನೊಂದು ನನ್ನ ಸೊಸೆ ಆಶ್ರಿತಾಳ ಹತ್ತಿರ. ಅವಳು ಎಲ್ಲಿದ್ದಾಳೆ ಅಂತ ಈ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತು.

ಮದುವೆಯಾದ ಹೊಸತರಲ್ಲಿ ನನ್ನ ಮಗ ಅಭಿನವ್ ಹೆಂಡತಿಗೆ ಹೊಸ ಫೋನ್, ಹೊಸ ನಂಬರ್ ಕೊಡಿಸಿದ. ನಂಬರ್ ಅವನ ಹೆಸರಲ್ಲಿ. ನಮ್ಮಂಥ ಮನೆಗಳಲ್ಲಿ ಇದು ಯಾರಿಗೂ ದೊಡ್ಡ ವಿಷಯ ಅನ್ನಿಸುವುದಿಲ್ಲ. ಗ್ಯಾಸು, ಕರೆಂಟು, ಸಿಮ್ಮು ಎಲ್ಲ ಗಂಡಸರ ಹೆಸರಲ್ಲೇ ಇರುತ್ತದೆ, ಫ್ಯಾಮಿಲಿ ಪ್ಯಾಕ್ ಅಂದರೆ ಅಗ್ಗ ಬೇರೆ. ನನ್ನದೊಂದು ಮಾತ್ರ, ವಿಮಾ ಆಫೀಸಿನಲ್ಲಿದ್ದಾಗ ನಾನೇ ಹೋಗಿ ತಗೊಂಡಿದ್ದರಿಂದ, ನನ್ನ ಹೆಸರಲ್ಲಿತ್ತು.

ಹೆಸರು ಅಭಿನವನದು, ಆದ್ದರಿಂದ ಯಜಮಾನಿಕೆಯೂ ಅವನದೇ. ಅವಳು ಯಾರಿಗೆ ಮಾಡಿದಳು, ಎಷ್ಟು ಹೊತ್ತು ಮಾತಾಡಿದಳು ಎಲ್ಲ ಅವನ ಫೋನಿನಲ್ಲಿ ಕಾಣುತ್ತಿತ್ತು. ಊಟಕ್ಕೆ ಕೂತಾಗ ಮೇಜಿನ ಮೇಲೆ ಕೈ ಚಾಚುತ್ತಿದ್ದ. "ಅನ್‌ಲಾಕ್ ಮಾಡಿ ಕೊಡು." ದನಿ ಎತ್ತುತ್ತಿರಲಿಲ್ಲ, ಅನ್ನಕ್ಕೆ ತುಪ್ಪ ಕೇಳುವ ಹಾಗೆ ಕೇಳುತ್ತಿದ್ದ. ನಮ್ಮವರು ಮಜ್ಜಿಗೆ ಕಲಸಿಕೊಳ್ಳುತ್ತಾ, "ತೋರ್ಸಿದ್ರಾಯ್ತಮ್ಮ, ಮುಚ್ಚಿಡೋಕೆ ಏನಿದೆ?" ಅನ್ನುತ್ತಿದ್ದರು. ಒಂದು ದಿನ, ಇವರು ಊರಲ್ಲಿಲ್ಲದಾಗ, ಅವಳು ಕೊಡಲಿಲ್ಲ. ಅವನು ಮಣಿಕಟ್ಟು ತಿರುಚಿ ಕಿತ್ತುಕೊಂಡ. ಬಳೆ ಒಡೆದು ಅವಳ ತಟ್ಟೆಯಲ್ಲಿ ಬಿತ್ತು. ನಾನು ಹೆತ್ತವನೇ ಇವನು ಅನ್ನಿಸಿತು ನನಗೆ. ಆ ವಾರವೇ ಅವಳು ಮನೆ ಬಿಟ್ಟಳು. ಅವಳು ಗೇಟು ದಾಟುವುದರೊಳಗೆ ಇವನು ಆ ನಂಬರ್ ಕಟ್ ಮಾಡಿಸಿದ. ಬ್ಯಾಂಕು, ಆಧಾರು, ಅವಳು ಪಾಠ ಮಾಡುತ್ತಿದ್ದ ಸ್ಕೂಲು ಎಲ್ಲದಕ್ಕೂ ಕೊಟ್ಟಿದ್ದ ನಂಬರು ಅದು.

ಆಮೇಲೆ ಯಾರದೋ ಫೋನಿನಿಂದ ನನಗೆ ಮಾಡಿದಳು. "ಅತ್ತೆ, ನನ್ನ ಹೆಸರಲ್ಲಿ ಸಿಮ್ ತಗೊಂಡ್ರೆ ಭಾರ್ಗವ್‌ಗೆ ಗೊತ್ತಾಗತ್ತೆ." ಭಾರ್ಗವ್ ಅಭಿನವನ ಗೆಳೆಯ, ಒಂದು ಮೊಬೈಲ್ ಕಂಪನಿಯಲ್ಲಿದ್ದಾನೆ. ಹೆಸರು ಹೇಳಿದರೆ ಕಂಪ್ಯೂಟರ್ ನೋಡಿ ನಂಬರು, ವಿಳಾಸ ತೆಗೆದುಕೊಡುವಷ್ಟು ಗೆಳೆತನ. ಜನರ ರಕ್ಷಣೆಗೆ ಅಂತ ಬರೆಸಿಕೊಂಡ ವಿಳಾಸ ಹೀಗೆ ಕೈ ಬದಲಾಯಿಸುತ್ತದೆ.

ಕಾಲೊನಿಯವರ ಕಣ್ಣಿಗೆ ಬೀಳಬಾರದು ಅಂತ ಶಿವಾಜಿನಗರದ ತನಕ ಬಸ್ಸಿನಲ್ಲಿ ಹೋದೆ. ಕಮರ್ಷಿಯಲ್ ಸ್ಟ್ರೀಟಿನ ಹಿಂದೆ ಮುಬೀನ್ ಅನ್ನುವವರದ್ದೊಂದು ಸಣ್ಣ ಸಿಮ್ ಅಂಗಡಿ. "ಕ್ಯಾಮೆರಾ ನೋಡಿ ಆಂಟಿ, ಕಣ್ಣು ಮಿಟುಕಿಸಿ. ಇನ್ನೊಂದ್ಸಲ" ಅಂದರು. ಈ ವಯಸ್ಸಿನಲ್ಲಿ ನಡುಬೀದಿಯಲ್ಲಿ ಕಣ್ಣು ಮಿಟುಕಿಸಿದೆ.

"ನಂಬರ್ ನಿಮಗೇನಾ?" ಅಂತ ಕೇಳಿದರು.

"ನನಗೇ ಕಣಪ್ಪ, ಇನ್ಯಾರಿಗೆ?" ಅಂದೆ. ನನ್ನ ಹೆಸರಿನ ಸಿಮ್ ಇನ್ನೊಬ್ಬರಿಗೆ ಕೊಡುವುದು ತಪ್ಪು ಅಂತ ಅವರ ಗೋಡೆಯ ಮೇಲೇ ಅಂಟಿಸಿದ್ದರು. ಓದಿಯೇ ಸುಳ್ಳು ಹೇಳಿದೆ. ಬಾಣಸವಾಡಿ ರೈಲ್ವೆ ಸ್ಟೇಷನ್ ಹೊರಗೆ ಅದನ್ನು ಆಶ್ರಿತಾಳ ಕೈಗಿಟ್ಟು, ನನ್ನ ಫೋನಿನಲ್ಲಿ ಆ ನಂಬರಿಗೆ 'ಬ್ಲೌಸ್ ಟೈಲರ್' ಅಂತ ಹೆಸರು ಕೊಟ್ಟೆ.

ಆ ಟೈಲರ್ ಅದೇ ವಾರ ಒಂದು ಸುದ್ದಿ ಹೇಳಿದ್ದಳು. ಬೇರೆ ಊರಿನ ಒಂದು ಶಾಲೆಯಲ್ಲಿ ಕೆಲಸ, ಇರಲಿಕ್ಕೆ ಕ್ವಾರ್ಟರ್ಸು. ಹೌದೋ ಅಲ್ಲವೋ ಅಂತ ಸೋಮವಾರ ಆ ನಂಬರಿಗೇ ಫೋನ್ ಮಾಡುತ್ತಾರೆ. ಊರು ಯಾವುದು ಅಂತ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಶನಿವಾರ ಸಂಜೆಯೆಲ್ಲ ಟೈಲರಿಗೆ ಫೋನ್ ಮಾಡಿದೆ. ರಿಂಗಾಗುತ್ತಿತ್ತು, ಎತ್ತಲಿಲ್ಲ. ಒಣಗಿದ ಬಟ್ಟೆ ತರುವ ನೆಪದಲ್ಲಿ ಟೆರೇಸಿಗೆ ಹೋದೆ, ಮತ್ತೆ ಹೋದೆ, ತರಲಿಕ್ಕೆ ಬಟ್ಟೆಯೇ ಇಲ್ಲದಾಗಲೂ ಹೋದೆ. "ಏನೇ ಇದು, ನೆಲ ಬಿಸಿಯಾಗಿದ್ಯಾ?" ಅಂತ ಇವರು ರೇಗಿಸಿದರು. ಬೆಳಗ್ಗೆ ಎದ್ದವಳೇ ಮತ್ತೆ ಮಾಡಿದೆ. ಸ್ವಿಚ್ ಆಫ್. ಚಾರ್ಜ್ ಹಾಕಿಕೊಳ್ಳುವ ಬುದ್ಧಿ ಬೇಡವೇ ಹುಡುಗಿಗೆ! ಉಪ್ಪಿಟ್ಟು ನಿಧಾನಕ್ಕೆ ಮಾಡಿದೆ. ಎರಡನೇ ಕಾಫಿ ಕೊಟ್ಟೆ, ಕೇಳದಿದ್ದರೂ ಮೂರನೆಯದನ್ನೂ ಕೊಟ್ಟೆ. ಕರೆಂಟಾದರೂ ಹೋಗಬಾರದೇ? ಹೋಗಲಿಲ್ಲ. ಸರ್ಕಾರದ ವೆಬ್‌ಸೈಟೊಂದು ಭಾನುವಾರ ಬೆಳಗ್ಗೆ ಅಷ್ಟು ಚೆನ್ನಾಗಿ ಓಡಿದ್ದನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ.

ಇವರು ತಮ್ಮದನ್ನು ನೋಡಿಕೊಂಡರು, ಅಭಿನವನದನ್ನು ನೋಡಿದರು, ಸರಿಯಿತ್ತು. ಅವನು ಅಲ್ಲೇ ಮೇಜಿನ ಆ ಬದಿ ಪೇಪರ್ ಹಿಡಿದು ಕೂತಿದ್ದ. ನನ್ನ ನಂಬರ್ ಹೊಡೆದರು. ನನ್ನ ಫೋನ್ ಟಿಂಗ್ ಅಂತು.

"ಒಟಿಪಿ ಹೇಳೆ."

"ಕನ್ನಡಕ ಎಲ್ಲಿಟ್ಟೆನೋ..."

"ಮೂಗಿನ ಮೇಲಿದೆ."

ಹೇಳಿದೆ. ಪರದೆಯ ಮೇಲೆ ಎರಡು ಸಾಲು ಬಂತು. ನಡುವಿನ ಅಂಕಿಗಳನ್ನು ಮರೆಮಾಡಿ ಕೊನೆಯವನ್ನಷ್ಟೇ ತೋರಿಸಿತ್ತು. ಇವರು ಕುರ್ಚಿಯಿಂದ ಅರ್ಧ ಎದ್ದುಬಿಟ್ಟರು.

"ನೋಡಿದ್ಯಾ! ವೆಂಕಟಮ್ಮನಿಗೆ ಮಾಡಿದ್ದನ್ನೇ ನಿನಗೂ ಮಾಡಿದಾರೆ. ಯಾರೋ ನಿನ್ನ ಹೆಸರಲ್ಲಿ ಸಿಮ್ ಇಟ್ಕೊಂಡಿದಾರೆ!"

ಆ ನಂಬರಿನ ಎದುರು ಮೂರು ಆಯ್ಕೆಗಳಿದ್ದವು. ನನ್ನದಲ್ಲ. ಬೇಡ. ಬೇಕು. ಮೊದಲ ಎರಡರಲ್ಲಿ ಯಾವುದನ್ನು ಒತ್ತಿದರೂ ನಂಬರಿಗೆ ಕತ್ತರಿ. ಇವರು ಮೌಸನ್ನು 'ನನ್ನದಲ್ಲ' ಮೇಲೆ ತಂದು ನಿಲ್ಲಿಸಿದರು.

ಸುಮ್ಮನಿದ್ದರೆ ನಾನು ಬಚಾವು. ನಾಳೆ ಶಾಲೆಯವರು ಸತ್ತ ನಂಬರಿಗೆ ಫೋನ್ ಮಾಡಿ, ಸಿಗಲಿಲ್ಲ ಅಂತ ಬೇರೆಯವರನ್ನು ತಗೊಳ್ಳುತ್ತಾರೆ. ಬಾಯಿ ಬಿಟ್ಟರೆ ಅಭಿನವ್ ಎದುರಿಗೇ ಇದ್ದಾನೆ.

"ತಡೀರಿ" ಅಂದೆ. "ಅದು ನಂದೇ."

"ನಿಂದಾ? ಯಾವ ಫೋನಲ್ಲಿದೆ?"

"ಇನ್ನೊಂದು ಫೋನಲ್ಲಿ."

"ನಿನ್ಹತ್ರ ಇನ್ನೊಂದು ಫೋನ್ ಎಲ್ಲಿದೆ?"

"ಇದೆ."

ಅಭಿನವ್ ಪೇಪರ್ ಕೆಳಗಿಟ್ಟ. "ತೋರ್ಸು ಅಮ್ಮ."

"ತೋರ್ಸಲ್ಲ."

"ಯಾಕೆ?"

"ನಂದು, ಅದಕ್ಕೆ."

ಇವರು ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡಿದರು. "ಮುಚ್ಚಿಡೋಕೆ ಏನಿದೆ ಅಂಬುಜಾ? ನಮ್ಮ ಕಾಲದಲ್ಲಿ ಊರಿನವರ ಹೆಸರು, ವಿಳಾಸ, ನಂಬರ್ ಎಲ್ಲ ಡೈರೆಕ್ಟರೀಲಿ ಅಚ್ಚು ಹಾಕ್ತಿದ್ರು. ಯಾರಿಗೇನಾಯ್ತು?"

"ಡೈರೆಕ್ಟರೀಲಿ ನಂಬರ್ ಇತ್ತು ಕಣ್ರೀ, ಯಾರು ಯಾರ ಜೊತೆ ಮಾತಾಡಿದ್ರು ಅಂತ ಇತ್ತಾ? ಬಚ್ಚಲಮನೇಲಿ ನೀವೇನು ಮುಚ್ಚಿಡ್ತೀರಿ? ಆದ್ರೂ ಚಿಲಕ ಹಾಕ್ಕೋತೀರಲ್ಲ!"

ಅಭಿನವ್ ಮೇಜಿನ ಮೇಲೆ ಕೈ ಚಾಚಿದ.

"ಹಾಗಾದ್ರೆ ನಿನ್ನ ಈ ಫೋನ್ ಕೊಡು. ಅನ್‌ಲಾಕ್ ಮಾಡಿ ಕೊಡು."

ಅದೇ ಕೈ, ಅದೇ ತುಪ್ಪ ಕೇಳುವ ದನಿ. ಪಕ್ಕದಲ್ಲಿ ನಿಂತು ನೋಡುವುದೇ ಬೇರೆ, ಆ ಕೈ ನಮ್ಮ ಕಡೆಗೇ ಬಂದಾಗ ಆಗುವುದೇ ಬೇರೆ. ಕುರ್ಚಿಯಲ್ಲಿ ನಾನು ಸಣ್ಣವಳಾಗಿಬಿಟ್ಟೆ. ಫೋನನ್ನು ಸೆರಗಿನೊಳಗೆ ಅವುಚಿಕೊಂಡೆ. ಅವನು ಎದ್ದು ಬಂದು ನನ್ನ ಮಣಿಕಟ್ಟು ಹಿಡಿದ. ನೋವಾಗುವಷ್ಟೇ ಹಿಡಿದ.

"ಅಭಿನವ್, ಕೈ ಬಿಡು" ಅಂದರು ಇವರು.

"ಅಪ್ಪ, ನಿಮಗೆ ಅರ್ಥ ಆಗ್ತಿಲ್ವಾ? ಆ ಸಿಮ್ ಇರೋದು ಅವಳ ಹತ್ರ. ಅಮ್ಮನೇ ಕೊಟ್ಟಿರೋದು!"

"ಕೈ ಬಿಡು ಅಂದೆ."

ಆ ದನಿಯನ್ನು ನಾನು ಅವರ ಬಾಯಲ್ಲಿ ಕೇಳಿರಲಿಲ್ಲ, ಮಗನೂ ಕೇಳಿರಲಿಲ್ಲ. ಬಿಟ್ಟ. ಇವರು ನನ್ನ ಮಣಿಕಟ್ಟನ್ನು ನೋಡಿದರು. ಬಳೆಯ ಅಚ್ಚು ಕೆಂಪಗೆ ಮೂಡಿತ್ತು. ಸೊಸೆ ಯಾಕೆ ಹೋದಳು ಅಂತ ಇವರು ನನ್ನನ್ನು ಕೇಳಿದ್ದಾಗಲೆಲ್ಲ ನಾನು ಹೇಳಿದ್ದೆ. ಗಂಡ ಹೆಂಡತಿ ಜಗಳ, ನೀನು ದೊಡ್ಡದು ಮಾಡಬೇಡ ಅಂದಿದ್ದರು.

ಇವರು ಪರದೆಯ ಕಡೆ ತಿರುಗಿದರು. "ಸಿಮ್ ಯಾರ ಹತ್ರ ಇದೆ ಅಂತ ಇದರಲ್ಲಿ ಕೇಳಿಲ್ಲ" ಅಂದರು. "ಬೇಕಾ, ಬೇಡ್ವಾ ಅಂತ ಕೇಳಿದಾರೆ. ಏನು ಒತ್ತಲಿ?"

"ಬೇಕು."

ಒತ್ತಿದರು. ಕೆಂಪು ದೀಪ ಇದ್ದರೆ ಖಾಲಿ ರಸ್ತೆಯಲ್ಲೂ ಸ್ಕೂಟರ್ ನಿಲ್ಲಿಸಿಕೊಂಡು ನಿಲ್ಲುವ ಮನುಷ್ಯ, ತಪ್ಪು ಅಂತ ಗೊತ್ತಿದ್ದೂ ಒತ್ತಿದರು. ಅಭಿನವ್ ಬಾಗಿಲು ದಢಾರನೆ ಎಳೆದುಕೊಂಡು ವರಾಂಡಕ್ಕೆ ಹೋದ. "ಭಾರ್ಗವಾ, ಮಗಾ, ಒಂದ್ ಹೆಲ್ಪ್ ಆಗ್ಬೇಕು" ಅನ್ನುವುದು ಒಳಗೆ ಕೇಳಿಸಿತು.

ಮಧ್ಯಾಹ್ನ ಕೊನೆಗೂ ಟೈಲರ್ ಸಿಕ್ಕಳು. ನಡೆದದ್ದೆಲ್ಲ ಹೇಳಿದೆ. ಭಾರ್ಗವ್ ಹುಡುಕಿಕೊಟ್ಟಿರಬೇಕು, ಸಂಜೆಯಿಂದಲೇ ಆ ನಂಬರಿಗೆ ಅಭಿನವನ ಫೋನ್, ಒಂದೇ ಸಮ. ಅವಳು ಅವನದನ್ನೆಲ್ಲ ಬಿಟ್ಟು, ಸೋಮವಾರ ಅವುಗಳ ನಡುವೆ ಬಂದ ಶಾಲೆಯವರದೊಂದನ್ನು ಎತ್ತಿದಳು. ಕೆಲಸ ಸಿಕ್ಕಿತು.

ಅದನ್ನು ಹೇಳಲಿಕ್ಕೆ ಫೋನ್ ಮಾಡಿದಾಗ ಅತ್ತಳು, ನಾನೂ ಅತ್ತೆ. ಆಮೇಲೆ ಅಂದಳು, "ಅತ್ತೆ, ಈ ಸಿಮ್ ತೆಗೆದು ಮುರಿದು ಹಾಕ್ತೀನಿ. ಶಾಲೆಯವರು ಅವರ ಹೆಸರಲ್ಲೇ ಹೊಸ ನಂಬರ್ ಕೊಡ್ತಾರಂತೆ, ಅದನ್ನ ನಿಮಗೆ ಹೇಳಲ್ಲ. ಬೇಜಾರು ಮಾಡ್ಕೋಬೇಡಿ. ನಿಮಗೆ ಗೊತ್ತಿದ್ರೆ ಮತ್ತೆ ನಿಮ್ಮನ್ನ ಹಿಡ್ಕೊಂಡು ಕೇಳ್ತಾರೆ."

ನನಗೆ ಸಿಟ್ಟು ಬಂತು. ಹೊಟ್ಟೆಯಲ್ಲಿ ಹುಟ್ಟಿದವನ ಎದುರು ನಿಂತವಳು ನಾನು, ನನಗೂ ಹೇಳಲ್ಲ ಅಂದರೆ? "ನಾನೇನು ಹೋಗಿ ಡಂಗುರ ಸಾರ್ತೀನಾ?" ಅಂತ ಬಾಯಿತನಕ ಬಂತು. ಆದರೆ ಹಿಂದಿನ ದಿನ ಆ ಮೇಜಿನ ಮುಂದೆ ಕೂತು 'ತೋರ್ಸಲ್ಲ' ಅಂದವಳೂ ನಾನೇ. 'ನಂದು' ಅನ್ನುವುದು ಬಿಟ್ಟು ಬೇರೆ ಕಾರಣ ಕೊಟ್ಟಿರಲಿಲ್ಲ.

"ಸರಿ ಕಣಮ್ಮ. ನಿನಗೆ ಬೇಕನ್ನಿಸಿದಾಗ ನೀನೇ ಮಾಡು" ಅಂದೆ.

ಅಭಿನವ್ ಈಗ ಬೆನ್ಸನ್ ಟೌನಿನಲ್ಲಿ ಯಾರೋ ಗೆಳೆಯನ ಜೊತೆ ಇದ್ದಾನೆ. ನನ್ನ ಜೊತೆ ಮಾತಿಲ್ಲ. ಅವನಿಗೆ ಇಷ್ಟ ಅಂತ ಹುಳಿ ಮಾಡಿದ ದಿನ ನನಗೆ ಊಟ ಸೇರುವುದಿಲ್ಲ. ಆ ಸಂಕಟಕ್ಕೆ ಯಾರಿಗೂ ದೂರು ಕೊಡುವ ಹಾಗಿಲ್ಲ. ಮುರಿದುಹೋದ ಆ ಸಿಮ್ಮಿನ ನಂಬರಿಗೆ ಒಮ್ಮೊಮ್ಮೆ ಮಾಡಿ ನೋಡುತ್ತೇನೆ. ಸ್ವಿಚ್ ಆಫ್ ಅಂತ ಹುಡುಗಿಯೊಬ್ಬಳು ಮೂರು ಭಾಷೆಯಲ್ಲಿ ಹೇಳುತ್ತಾಳೆ.

ಮೊನ್ನೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ನಮ್ಮವರು ಹಾಲಿನಿಂದ, ಮಂಡಿನೋವು ಮರೆತು, ಹೆಚ್ಚುಕಡಿಮೆ ಓಡಿಕೊಂಡೇ ಬಂದರು. ಕೈಯಲ್ಲಿ ರಿಂಗಾಗುತ್ತಿದ್ದ ನನ್ನ ಫೋನು.

"ಅಂಬುಜಾ, ಗೊತ್ತಿಲ್ಲದ ನಂಬರು. ಬೇಗ ಎತ್ತು, ಕಟ್ಟಾಗ್ಬಿಡತ್ತೆ!"

ಸೋಪಿನ ಕೈಯಲ್ಲೇ ಎತ್ತಿದೆ. ಯಾವುದೋ ಬ್ಯಾಂಕಿನ ಹುಡುಗಿ, ಕ್ರೆಡಿಟ್ ಕಾರ್ಡ್ ಬೇಕಾ ಅಂದಳು. ಬೇಡಮ್ಮ ಅಂದೆ.

"ಅವಳಲ್ವಾ?" ಅಂದರು ಇವರು.

"ಅಲ್ಲ ರೀ."

ಫೋನನ್ನು ನನ್ನ ಕೈಯಿಂದ ತಗೊಂಡು, ಪಂಚೆಯ ಅಂಚಿನಿಂದ ಸೋಪಿನ ನೀರು ಒರೆಸಿದರು. "ಚಾರ್ಜ್ ಕಮ್ಮಿ ಇದೆ, ಹಾಕಿಟ್ಟಿರ್ತೀನಿ" ಅಂತ ಒಳಗೆ ಹೋದರು.