ಇಂಗ್ಲಿಷಿನಲ್ಲಿ ಮಾತ್ರ ಬರುವ ಕೆಮ್ಮು

ತಂಗಿ ಕೆಮ್ಮುತ್ತಿದ್ದಾಳೆ. ಈ ಭಯವನ್ನು ಅಕ್ಕ ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಬಟ್ಟೆ ಒಣಹಾಕುವಾಗ ತನಗೆ ತಾನೇ, ತುಟಿಯೂ ಅಲುಗದ ಹಾಗೆ ಹೇಳಿಕೊಂಡಿದ್ದಳು ಅಷ್ಟೆ. ಅಮ್ಮನದ್ದೂ ಶುರುವಾಗಿದ್ದು ಇಂಥದೇ ಒಂದು ಸಣ್ಣ ಕೆಮ್ಮಿನಿಂದ. "ಬಟ್ಟೆಯ ಧೂಳು ಕಣೇ" ಎಂದು ಹೊಲಿಗೆ ಮಷೀನು ತುಳಿಯುತ್ತಲೇ ಅಮ್ಮ ಅದನ್ನು ತಳ್ಳಿಹಾಕಿದ್ದಳು. ಆಮೇಲಿನದ್ದೆಲ್ಲ ಒಂದು ಬೇಸಿಗೆಯೊಳಗೆ ಆಗಿಹೋಯಿತು.

ಈಗ ಮನೆಯಲ್ಲಿ ಮೂರೇ ಜನ. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ತಂಗಿ ಹತ್ತನೇ ಕ್ಲಾಸು. ಅಕ್ಕ ಡಿಗ್ರಿ ಮುಗಿಸಿ, ಎರಡು ಇಂಟರ್‌ವ್ಯೂಗಳಲ್ಲಿ ನಾಲಿಗೆ ಒಣಗಿ ವಾಪಸು ಬಂದವಳು. ಅಪ್ಪ ಅವಳಿಗೆ ಇಟ್ಟ ಹೆಸರು ಮೌನವ್ರತ. "ಏ ಮೌನವ್ರತ, ಉಪ್ಪು ಜಾಸ್ತಿಯಾಗಿದೆ ಅಂತಾದರೂ ಬಯ್ಯೇ, ಇವತ್ತು ಅಡುಗೆ ನನ್ನದು" ಎಂದು ಕೆಣಕುತ್ತಿದ್ದರು. ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಅಮ್ಮನ ಫೋನಿಗೆ ಹಳೆಯ ಗಿರಾಕಿಗಳು ಈಗಲೂ ಕರೆ ಮಾಡುತ್ತಿದ್ದರು.

"ಅಮ್ಮ ಇಲ್ವಾ?"

"ಇಲ್ಲ."

"ಎಷ್ಟೊತ್ತಿಗೆ ಬರ್ತಾರೆ?"

"ಗೊತ್ತಿಲ್ಲ" ಎಂದು ಅವಳು ಫೋನಿಡುತ್ತಿದ್ದಳು. ಸುಳ್ಳೇನೂ ಹೇಳಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ಸೋಮವಾರ ತಂಗಿಗೆ ಇಂಗ್ಲಿಷ್ ಮಾತಿನ ಪರೀಕ್ಷೆ. ಚೀಟಿ ಎತ್ತಿದಾಗ ಅವಳ ಪಾಲಿಗೆ ಬಂದ ವಿಷಯ 'ಮೈ ಮದರ್'. ಟೀಚರ್ ಈ ವರ್ಷ ಬಂದ ಹೊಸಬರು, ಅವರಿಗೆ ಮನೆಯ ಸಂಗತಿ ತಿಳಿಯದು. ಒಂದು ಮಾತು ಹೇಳಿದ್ದರೆ ಬೇರೆ ಚೀಟಿ ಕೊಡುತ್ತಿದ್ದರು. ಆದರೆ ಆ ಒಂದು ಮಾತು ಹೇಳಬೇಕಾಗಿತ್ತು, ತಂಗಿ ಹೇಳಲಿಲ್ಲ. ಅಕ್ಕನೂ "ನಾನು ಬಂದು ಹೇಳ್ತೀನಿ" ಎನ್ನಲಿಲ್ಲ.

ಪರೀಕ್ಷೆ ಹತ್ತಿರವಾದಂತೆ ಮನೆ ಪೂರ್ತಿ ಇಂಗ್ಲಿಷ್‌ಮಯವಾಯಿತು. ಬಾಗಿಲಿಗೆ 'ಡೋರ್', ಬಕೆಟ್ಟಿಗೆ 'ಬಕೆಟ್', ಮಲಗಿದ್ದ ಅಪ್ಪನ ಬೆನ್ನಿಗೂ 'ಫಾದರ್' ಎಂಬ ಚೀಟಿ ಅಂಟಿತು. ಅವರು ಅದನ್ನು ಹಾಗೇ ಹೊತ್ತುಕೊಂಡು ಡಿಪೋಗೆ ಹೋಗಿ ದಿನವಿಡೀ ನಗೆಪಾಟಲಾಗಿ ಬಂದರು. ತಂಗಿ ಟಿವಿಯ ಸದ್ದು ನಿಲ್ಲಿಸಿ, ಕಾರ್ಟೂನಿನ ಇಲಿಗೂ ಬೆಕ್ಕಿಗೂ ತಾನೇ ಇಂಗ್ಲಿಷಿನಲ್ಲಿ ಜಗಳ ಹಚ್ಚುತ್ತಿದ್ದಳು. ಹಲ್ಲುಜ್ಜುತ್ತಾ ಕನ್ನಡಿಯೊಂದಿಗೆ ಹರಟುತ್ತಿದ್ದಳು. ಇಷ್ಟರ ನಡುವೆ ಆ ಕೆಮ್ಮು.

ಶನಿವಾರ ಮಧ್ಯಾಹ್ನ ತಂಗಿ ಮುಂದಿನ ಕೋಣೆಯಲ್ಲಿ, ಮುಸುಕು ಹಾಕಿದ್ದ ಹೊಲಿಗೆ ಮಷೀನಿನ ಪಕ್ಕ ನಿಂತು ಅಭ್ಯಾಸ ಮಾಡುತ್ತಿದ್ದಳು.

"ಮೈ ಮದರ್... ಖೊಕ್ ಖೊಕ್... ಎ ಟೇಲರ್. ಶೀ... ಖೊಕ್... ವೆರಿ ಕೈಂಡ್."

ಅಕ್ಕ ಬಿಸಿನೀರಿನ ಲೋಟ ಹಿಡಿದು ಓಡಿಬಂದಳು. "ಎದೆ ನೋಯುತ್ತಾ? ನಿಜ ಹೇಳು. ನಡಿ, ಈಗಲೇ ಡಾಕ್ಟರ ಹತ್ರ ಹೋಗೋಣ."

ತಂಗಿ ಕಣ್ಣರಳಿಸಿ ಅವಳನ್ನೇ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಅಕ್ಕಾ! ಇದು ಕಾಯಿಲೆ ಅಲ್ಲ, ಗ್ರಾಮರ್ರು!"

"ಏನು?"

"ರೇಡಿಯೊ ಕಲಿಸಿದ್ದು." ರೇಡಿಯೊ ಎಂದರೆ ಅವಳ ಬೆಂಚಿನ ಗೆಳತಿ, ಬಾಯಿಗೆ ಬಿಡುವೇ ಇಲ್ಲದವಳು. "ಯಾವ ಪದ ಹಾಕ್ಬೇಕು ಅಂತ ಗೊತ್ತಾಗದ ಕಡೆ ಕೆಮ್ಮಿಬಿಡೋದು. ಪಾಪ ಗಂಟಲು ಸರಿ ಇಲ್ಲ ಅಂದ್ಕೊಂಡು ಟೀಚರ್ ಮುಂದೆ ಹೋಗ್ತಾರೆ. ಇಡೀ ಕ್ಲಾಸು ಕೆಮ್ಮುತ್ತೆ ಕಣೇ. ಹೆಡ್‌ಮಾಸ್ಟರು ಹೆದರಿ ಕಿಟಕಿಯೆಲ್ಲ ತೆಗೆಸಿದಾರೆ!"

ಅಕ್ಕ ಕುರ್ಚಿಯ ಮೇಲೆ ಕುಸಿದು ಕೂತಳು. ಲೋಟ ವಾಲಿ ಬಿಸಿನೀರು ಮಡಿಲಿಗೆ ಚೆಲ್ಲಿದ್ದೂ ತಿಳಿಯಲಿಲ್ಲ. ಅವಳೂ ನಕ್ಕಳು. ಬೇಸಿಗೆಯಿಂದೀಚೆಗೆ ಅಷ್ಟು ಜೋರಾಗಿ ನಕ್ಕದ್ದು ಅದೇ ಮೊದಲು.

"ಕತ್ತೆ. ಅಷ್ಟು ಸುಲಭದ್ದಕ್ಕೂ ಕೆಮ್ಮಬೇಕಾ? ಹೇಳು ನೋಡೋಣ, ಮೈ ಫಾದರ್?"

"ಮೈ ಫಾದರ್ ಈಸ್ ಎ ಮೆಕ್ಯಾನಿಕ್. ಮೊದಲು ಹಿ ವಾಸ್ ಎ ಡ್ರೈವರ್."

"ಮೈ ಸಿಸ್ಟರ್?"

"ಮೈ ಸಿಸ್ಟರ್ ಈಸ್ ಎ ಗೂಬೆ."

"ಇರಲಿ ಇರಲಿ. ಮೈ ಮದರ್?"

ತಂಗಿಯ ಬಾಯಿ ತೆರೆಯಿತು. ಕೆಮ್ಮು ಬಂತು.

ತಂಗಿಗೆ ಈಸ್ ಗೊತ್ತು, ವಾಸ್ ಗೊತ್ತು, ಯಾವುದನ್ನು ಎಲ್ಲಿ ಹಾಕಬೇಕೆಂಬುದೂ ಗೊತ್ತು. ಅಕ್ಕನ ನಗು ಮುಖದ ಮೇಲೇ ಉಳಿಯಿತು. ರೇಡಿಯೊ ಕಲಿಸಿದ್ದು ಗೊತ್ತಿಲ್ಲದ ಕಡೆ ಕೆಮ್ಮಲಿಕ್ಕೆ. ಇವಳು ಗೊತ್ತಿರುವ ಕಡೆ ಕೆಮ್ಮುತ್ತಿದ್ದಾಳೆ.

"ಕನ್ನಡದಲ್ಲಾದ್ರೆ ತೊಂದ್ರೆನೇ ಇಲ್ಲ ಅಕ್ಕ" ಎಂದಳು ತಂಗಿ, ಮಷೀನಿನ ಮುಸುಕಿನ ಅಂಚನ್ನು ಬೆರಳಿಗೆ ಸುತ್ತುತ್ತಾ. "ನಮ್ಮಮ್ಮ ಟೈಲರು. ನಮ್ಮಮ್ಮ ಒಳ್ಳೆಯವಳು. ಅಷ್ಟಕ್ಕೇ ಮುಗೀತು, ಯಾರೂ ಏನೂ ಕೇಳಲ್ಲ. ಈ ಇಂಗ್ಲಿಷು ಮಾತ್ರ ಬಿಡಲ್ಲ. ಮಧ್ಯೆ ಈಸೋ ವಾಸೋ ಒಂದು ಹಾಕು, ಯಾವುದು ಹೇಳು, ಯಾವುದು ಹೇಳು ಅಂತ ಕೂತ್ಕೊಳ್ಳತ್ತೆ."

"ಸೋಮವಾರ ಕೆಮ್ಮಿದ್ರೆ ಮಾರ್ಕ್ಸ್ ಹೋಗುತ್ತೆ ಪುಟ್ಟಿ."

"ಹೋಗ್ಲಿ." ತಂಗಿ ಬೆರಳಿನ ಸುತ್ತು ಬಿಚ್ಚಿದಳು. "ಈಸ್ ಅಂದ್ರೆ ಸುಳ್ಳಾಗುತ್ತೆ. ವಾಸ್ ಅಂದ್ರೆ ನಾನೇ ಅಮ್ಮನ್ನ ಬಾಗಿಲಾಚೆ ಕಳಿಸಿದ ಹಾಗಾಗುತ್ತೆ. ಅಪ್ಪನೂ ಹೇಳಲ್ಲ. ನೀನೂ ಫೋನಲ್ಲಿ ಇಲ್ಲ, ಗೊತ್ತಿಲ್ಲ ಅಂತೀಯ, ನಾನು ಕೇಳಿಸ್ಕೊಂಡಿದೀನಿ. ಎಲ್ಲರೂ ಸೇರಿ ನನ್ನ ಒಬ್ಬಳ ಕೈಲೇ ಹೇಳಿಸ್ತೀರಾ? ಡಿಗ್ರಿ ಓದಿದವಳು ನೀನು. ನೀನೇ ಹೇಳು, ಯಾವುದು ಸರಿ?"

ಅಕ್ಕ ಲೋಟವನ್ನು ನೆಲದ ಮೇಲಿಟ್ಟಳು. ವ್ಯಾಕರಣದ ನಿಯಮವೇನೋ ನಾಲಿಗೆಯ ತುದಿಯಲ್ಲೇ ಇತ್ತು, ಅದರ ಹಿಂದೆ ಅವಿತುಕೊಳ್ಳಬಹುದಿತ್ತು. ಎದುರಿಗೆ ತಂಗಿ ಅಳುತ್ತಿರಲಿಲ್ಲ, ಗದ್ದ ಮಾತ್ರ ಅದುರುತ್ತಿತ್ತು. ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಅವಳು ಎದ್ದು, ತಂಗಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಳು. ಗಂಟಲಲ್ಲಿ ಏನೋ ಅಡ್ಡ ಬಂತು. ಅದನ್ನು ನುಂಗಿದಳು, ಕೆಮ್ಮಲಿಲ್ಲ.

"ಅಮ್ಮ ಸತ್ತುಹೋದಳು ಕಣೇ" ಎಂದಳು.