ಬೆಣ್ಣೆಕೈಯವನ ಮಿಕ್ಸಿ ಮೊಕದ್ದಮೆ

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಗಡ್ಡ ತೆಗೆಯುತ್ತಾನೆ ಎಂದು ಯಾರೋ ಒಮ್ಮೆ ಹೊಗಳಿದ್ದೇ ನೆಪವಾಗಿ ಅವನು ಬೆಣ್ಣೆಕೈ ಆದ. ಅವನ ಕ್ಷೌರದಂಗಡಿ ಬೆಣ್ಣೆಕೈ ಅಂಗಡಿಯಾಯಿತು. ಕುರ್ಚಿಯಲ್ಲಿ ಕೂತವರು ಕತ್ತಿಯ ಕೆಳಗೇ ನಿದ್ದೆ ಹೋಗುತ್ತಿದ್ದರು. ಬೇರೆ ಕಸುಬಿನವರಿಗೆ ಪ್ರಶಸ್ತಿಪತ್ರ ಇರುತ್ತದೆ; ಬೆಣ್ಣೆಕೈಗೆ ಗಿರಾಕಿಗಳ ಗೊರಕೆ ಇತ್ತು.

ಆ ಗೊರಕೆ ನಿಂತದ್ದು ಒಂದು ಮಿಕ್ಸಿಯಿಂದ.

ಮಿಕ್ಸಿ ಹೊಸದು. ಒಂದು ಭಾನುವಾರ ಹೆಂಡತಿಗೆ ನೆರವಾಗೋಣವೆಂಬ ಸದ್ಬುದ್ಧಿ ಬಂದು ಅವನು ಟೊಮೆಟೊ ರುಬ್ಬಲು ನಿಂತ. ರುಬ್ಬಿ, ಗುಂಡಿಯನ್ನು ಸೊನ್ನೆಗೆ ತಿರುಗಿಸಿ, ಮುಚ್ಚಳ ತೆಗೆದು, ಅಂಚಿಗೆ ಅಂಟಿದ್ದ ಸಿಪ್ಪೆಯನ್ನು ಬೆರಳಿನಿಂದ ಒಳಕ್ಕೆ ತಳ್ಳುತ್ತಿದ್ದಾಗ, ಯಾರೂ ಮುಟ್ಟದ ಮಿಕ್ಸಿ ತನ್ನಷ್ಟಕ್ಕೆ ತಾನೇ ಗಿರ್ರೆಂದಿತು. ಬಲಗೈಯ ತೋರುಬೆರಳಿನ ತುದಿಗೆ ಹೊಲಿಗೆ ಬಿತ್ತು. ಗೋಡೆಗೆ ಸಿಡಿದ ಕೆಂಪಿನಲ್ಲಿ ಟೊಮೆಟೊ ಎಷ್ಟು, ತನ್ನ ಪಾಲು ಎಷ್ಟು ಎಂದು ಅವನಿಗೆ ತಿಳಿಯಲಿಲ್ಲ. ಒರೆಸಿದ ಹೆಂಡತಿ, "ಬಹುಪಾಲು ಟೊಮೆಟೊನೇ ರೀ" ಎಂದು ಸಮಾಧಾನ ಹೇಳಿದಳು.

ಬೆರಳು ವಾಸಿಯಾಯಿತು. ಹೆಸರು ವಾಸಿಯಾಗಲಿಲ್ಲ. ಸುದ್ದಿ ಬೀದಿ ಸುತ್ತಿ ಬರುವಷ್ಟರಲ್ಲಿ ಮಿಕ್ಸಿ ಅದರಿಂದ ಉದುರಿಹೋಗಿ, "ಬೆಣ್ಣೆಕೈ ಬೆರಳು ಕುಯ್ದುಕೊಂಡನಂತೆ" ಎಂಬುದಷ್ಟೇ ಉಳಿದಿತ್ತು. ಗಿರಾಕಿಗಳು ಬರುತ್ತಿದ್ದರು, ಕೂದಲು ಕತ್ತರಿಸಿಕೊಳ್ಳುತ್ತಿದ್ದರು. ಕತ್ತಿ ಕೈಗೆತ್ತಿಕೊಂಡ ಕೂಡಲೇ, "ಬೇಡ ಕಣಪ್ಪ, ಗಡ್ಡ ಬಿಡೋಣ ಅಂತಿದೀನಿ" ಎಂದು ಎದ್ದುಬಿಡುತ್ತಿದ್ದರು. ಬೀದಿಯ ಗಂಡಸರಿಗೆಲ್ಲ ಇದ್ದಕ್ಕಿದ್ದಂತೆ ಗಡ್ಡದ ಮೇಲೆ ಮೋಹ ಹುಟ್ಟಿತು. ಗಡ್ಡ ಬೇಡದವರು ಬೀದಿ ಮೂಲೆಯ ಇನ್ನೊಂದು ಕ್ಷೌರದಂಗಡಿಯಿಂದ ನುಣ್ಣನೆಯ ಕೆನ್ನೆ ಹೊತ್ತು, ಇವನ ಬಾಗಿಲ ಮುಂದೆ ಮಾತ್ರ ಮುಖ ಆಚೆ ತಿರುಗಿಸಿಕೊಂಡು ಹಾದುಹೋಗುತ್ತಿದ್ದರು. ಅವರಲ್ಲಿ ಮೊದಲನೆಯವರು ಮೀಸೆ ವಕೀಲರು. ಆ ಮೀಸೆಯನ್ನು ಅಷ್ಟು ವರ್ಷ ಸಾಕಿ ಬೆಳೆಸಿದವನೇ ಬೆಣ್ಣೆಕೈ.

ಕಂಪನಿಗೆ ದೂರು ಬರೆದದ್ದಕ್ಕೆ ಒಂದೇ ಸಾಲಿನ ಉತ್ತರ ಬಂತು: ಗಾಯಕ್ಕೆ ಬಳಕೆದಾರರ ಅಜಾಗರೂಕತೆಯೇ ಕಾರಣ.

"ದುಡ್ಡು ಕೊಡದಿದ್ರೆ ಕತ್ತೆ ಬಾಲ" ಎಂದ ಅವನು ಹೆಂಡತಿಗೆ. "ಅಜಾಗರೂಕ ಅಂತ ಬರೆದು ಕಳಿಸಿದಾರಲ್ಲ. ಜನರ ಗಂಟಲ ಮೇಲೆ ಕತ್ತಿ ಆಡಿಸೋನು ನಾನು. ತಪ್ಪು ಮಿಕ್ಸೀದು ಅಂತ ಯಾರಾದರೂ ದೊಡ್ಡೋರು ಬರೆದು, ಮೊಹರು ಹಾಕಿ ಕೊಡಬೇಕು. ಕನ್ನಡಿ ಪಕ್ಕ ನೇತು ಹಾಕ್ತೀನಿ."

ಹೆಂಡತಿಯ ತಮ್ಮ ಹೊಸದಾಗಿ ವಕೀಲನಾಗಿದ್ದ. ಕೋಟು ಮಾತ್ರ ಸಿದ್ಧವಿತ್ತು, ಕಕ್ಷಿದಾರರು ಇನ್ನೂ ಬಂದಿರಲಿಲ್ಲ. ಗ್ರಾಹಕರ ಆಯೋಗದಲ್ಲಿ ದಾವೆ ಹೂಡಿದ ದಿನವೇ ಮನೆಗೆ ಬಂದು ಮಿಕ್ಸಿಯ ಮೇಲೆ ಬಟ್ಟೆ ಹೊದಿಸಿದ.

"ಭಾವ, ಇನ್ನು ಇದು ಮಿಕ್ಸಿ ಅಲ್ಲ, ಸಾಕ್ಷಿ. ಯಾರೂ ಮುಟ್ಟಬಾರದು."

ಎಲ್ಲರೂ ತಲೆಯಾಡಿಸಿದರು. ಎಲ್ಲರಿಗಿಂತ ಜೋರಾಗಿ ಆಡಿಸಿದವಳು ಬೆಣ್ಣೆಕೈಯ ತಾಯಿ. ಆಗಲೇ ಅನುಮಾನ ಬರಬೇಕಿತ್ತು.

ವಿಚಾರಣೆಯ ದಿನ ಕಂಪನಿಯ ಪರವಾಗಿ ಎದ್ದು ನಿಂತವರು ಮೀಸೆ ವಕೀಲರೇ. ಬೆಣ್ಣೆಕೈ ಅವರ ಮುಖ ನೋಡಲಿಲ್ಲ, ಮೀಸೆ ನೋಡಿದ. ಎಡಗಡೆ ಸ್ವಲ್ಪ ಉದ್ದ, ಬಲಗಡೆ ಗಿಡ್ಡ, ಮೂಲೆಯಂಗಡಿಯವನ ಕೆಲಸ. ಅಷ್ಟರಮಟ್ಟಿಗೆ ದೇವರಿದ್ದಾನೆ ಎಂದುಕೊಂಡ.

ಆಯೋಗದ ಅಧ್ಯಕ್ಷೆ ಮಿಕ್ಸಿಯನ್ನು ತರಿಸಿದರು. ಮೀಸೆ ವಕೀಲರು ಹತ್ತಿರ ಹೋಗಿ ಮುಚ್ಚಳ ತೆಗೆದರು. ಒಳಗೆ ನೋಡಿದರು, ಮೂಸಿದರು. ಮುಖ ಅರಳಿತು.

"ಮೇಡಂ, ಇಲ್ಲಿ ಮಸಾಲೆ ಇನ್ನೂ ಒಣಗಿಲ್ಲ. ಈ ಸಾಕ್ಷಿ ಇವತ್ತು ಬೆಳಗ್ಗೆ ಅಡುಗೆ ಮಾಡಿ ಬಂದಿದೆ."

ಭಾವಮೈದುನ ಬೆಣ್ಣೆಕೈಯನ್ನು ನೋಡಿದ. ಬೆಣ್ಣೆಕೈ ಹೆಂಡತಿಯನ್ನು ನೋಡಿದ. ಹೆಂಡತಿ ಅತ್ತೆಯನ್ನು ನೋಡಿದಳು. ಅತ್ತೆ ಫ್ಯಾನು ನೋಡುತ್ತಿದ್ದಳು.

ಮುದುಕಿಯನ್ನು ಮುಂದಕ್ಕೆ ಕರೆದರು.

"ಇದನ್ನ ನೀವು ಈಗಲೂ ಬಳಸ್ತೀರಾ?" ಎಂದರು ಮೀಸೆ ವಕೀಲರು.

"ಮತ್ತೇನು, ಮುಂದೆ ಕೂತು ಮುಖ ನೋಡ್ಲಾ? ದುಡ್ಡು ಕೊಟ್ಟು ತಂದಿದ್ದು."

"ಚೆನ್ನಾಗಿ ರುಬ್ಬುತ್ತಾ?"

"ಬಹಳ ನುಣ್ಣಗೆ ರುಬ್ಬುತ್ತಪ್ಪ. ಸುಳ್ಳು ಯಾಕೆ ಹೇಳ್ಲಿ."

ಭಾವಮೈದುನ ಹಣೆ ಹಿಡಿದುಕೊಂಡ. ಮೀಸೆ ವಕೀಲರು ಅಧ್ಯಕ್ಷೆಯ ಕಡೆ ತಿರುಗಿ, "ಅಪಾಯಕಾರಿ ಅಂತ ದಾವೆ, ದಿನಾ ಅದರಲ್ಲೇ ಅಡುಗೆ. ನನ್ನ ಪ್ರಶ್ನೆ ಮುಗೀತು" ಎಂದು ಕೂತರು. ಬೆಣ್ಣೆಕೈಗೆ ಕನ್ನಡಿಯ ಪಕ್ಕದ ಖಾಲಿ ಗೋಡೆ ಕಣ್ಣಿಗೆ ಕಟ್ಟಿತು. ಅದು ಖಾಲಿಯಾಗಿಯೇ ಉಳಿಯುವಂತಿತ್ತು.

"ನನ್ನದೊಂದು ಪ್ರಶ್ನೆ ಇದೆ" ಎಂದರು ಅಧ್ಯಕ್ಷೆ. "ಹೇಗೆ ಬಳಸ್ತೀರಿ, ಅಮ್ಮ?"

"ಎಲ್ಲರ ಮನೆ ಹಾಗೇನೇ ತಾಯಿ. ಮೊದಲು ಮಿಕ್ಸಿನ ಮೇಜಿನ ಕೆಳಗೆ ಇಡ್ತೀನಿ. ಮೇಲೆ ಕಬ್ಬಿಣದ ಬಕೆಟ್ಟು ಬೋರಲು ಹಾಕ್ತೀನಿ. ಬಕೆಟ್ ಮೇಲೆ ಇಟ್ಟಿಗೆ."

"ಇಟ್ಟಿಗೆ ಯಾಕೆ?"

"ಇಲ್ಲದಿದ್ರೆ ಬಕೆಟ್ ಓಡಾಡುತ್ತಲ್ಲ. ಆಮೇಲೆ 'ಹಾಕ್ತಿದೀನಿ' ಅಂತ ಕೂಗ್ತೀನಿ. ಮನೆಯವರೆಲ್ಲ ಕಾಲು ಎತ್ತಿ ಮಂಚದ ಮೇಲೆ ಇಟ್ಕೋತಾರೆ. ನಾನು ಬಾಗಿಲ ಹಿಂದೆ ನಿಂತು ಪೊರಕೆ ಹಿಡಿಯಿಂದ ಗೋಡೆ ಸ್ವಿಚ್ ಒತ್ತೀನಿ. ಆಫ್ ಮಾಡೋದೂ ಪೊರಕೇಲೇ. ನಿಂತ ಮೇಲೂ ಕೂಡಲೇ ಹತ್ತಿರ ಹೋಗಬಾರದು. ಅದರ ಸಿಟ್ಟು ಇಳೀಬೇಕು."

ಸಭಾಂಗಣದಲ್ಲಿ ನಗು ಹಬ್ಬಿತು. ಬೆಣ್ಣೆಕೈಗೆ ಅದರಲ್ಲಿ ನಗುವಂಥದ್ದೇನಿದೆ ಎಂದು ಮೊದಲು ಹೊಳೆಯಲಿಲ್ಲ. ದಿನವೂ ಬೆಳಗ್ಗೆ, ಮಿಕ್ಸಿಯ ಬಟ್ಟೆ ಸರಿದಿದ್ದೇಕೆ ಎಂದು ಕೇಳದೆ, ತಾಯಿ ಕೂಗಿದೊಡನೆ ಪತ್ರಿಕೆಯಿಂದ ಕಣ್ಣೆತ್ತದೆ ಅವನೂ ಕಾಲೆತ್ತುತ್ತಿದ್ದ. ಕಾಲಿಗೆ ಗೊತ್ತಿದ್ದದ್ದು ತಲೆಗೆ ತಲುಪಿರಲಿಲ್ಲ.

ಕಂಪನಿಯ ಎಂಜಿನಿಯರ್ ಎದ್ದ. "ಇದೆಲ್ಲ ಭಯ, ಅಷ್ಟೇ. ಗುಂಡಿ ಸೊನ್ನೆಯಲ್ಲಿದ್ದರೆ ಈ ಯಂತ್ರ ತಿರುಗೋ ಸಾಧ್ಯತೆಯೇ ಇಲ್ಲ."

"ಪ್ಲಗ್ ಹಾಕಿ" ಎಂದರು ಅಧ್ಯಕ್ಷೆ. ಹಾಕಿದ. "ಗುಂಡಿ ಸೊನ್ನೆಯಲ್ಲಿದೆಯಾ?" ಇತ್ತು. "ಸ್ವಿಚ್ ಒತ್ತಿ." ಒತ್ತಿದ. ಮಿಕ್ಸಿ ಸದ್ದಿಲ್ಲದೆ ಕೂತಿತು. ಎಂಜಿನಿಯರ್ ಮುಗುಳ್ನಕ್ಕ.

"ಈಗ ಬೆರಳು ಒಳಗಿಡಿ."

ಮುಗುಳ್ನಗೆ ಹಾಗೇ ಇತ್ತು. ಬೆರಳು ಮಾತ್ರ ಮುಂದೆ ಹೋಗಿ ಜಾರಿನ ಅಂಚಿನಲ್ಲಿ ನಿಂತಿತು.

"ತಮ್ಮಾ, ಬೇಡಪ್ಪ" ಎಂದಳು ಬೆಂಚಿಗೆ ಮರಳಿದ್ದ ಮುದುಕಿ, ನಿಜವಾದ ಕಾಳಜಿಯಿಂದ. "ಹೊರಗೆ ಒಂದು ಬಕೆಟ್ ನೋಡಿದೆ. ತರಿಸ್ಲಾ?"

ಎಂಜಿನಿಯರ್ ಬೆರಳು ಹಿಂದಕ್ಕೆ ತೆಗೆದ. ಪ್ಲಗ್ ತೆಗೆದರೆ ಖಂಡಿತ ಇಡುತ್ತೇನೆ ಎಂದ. ಕೈಪಿಡಿಯಲ್ಲೂ ಹಾಗೇ ಬರೆದಿದೆ ಎಂದ. ಅಧ್ಯಕ್ಷೆ ಟೈಪ್ ಮಾಡುವವರ ಕಡೆ ತಿರುಗಿ, "ತಯಾರಿಸಿದವರೇ ಬೆರಳಿಡಲು ಒಪ್ಪಲಿಲ್ಲ, ಬರ್ಕೊಳ್ಳಿ" ಎಂದರು.

ಆ ಮಾತು ಮುಗಿದು, ಎಲ್ಲರೂ ಕಾಗದಗಳಲ್ಲಿ ಮುಳುಗಿದ್ದಾಗ, ಮಿಕ್ಸಿಗೆ ಏನನ್ನಿಸಿತೋ, ಗಿರ್ರೆಂದಿತು. ಬೆಳಗಿನ ಮಸಾಲೆಯ ಉಳಿಕೆ ಕಡತಗಳ ಮೇಲೆ ಚಿಮ್ಮಿತು. ಬೆಣ್ಣೆಕೈ, ಅವನ ಹೆಂಡತಿ, ತಾಯಿ ಮೂವರೂ ಒಟ್ಟಿಗೆ ಕಾಲೆತ್ತಿದರು. ಎದುರು ಬೆಂಚಿನಲ್ಲಿ ಮೀಸೆ ವಕೀಲರು ಅವರಿಗಿಂತ ಮುಂಚೆಯೇ ಎತ್ತಿದ್ದರು.

ಆದೇಶ ಬಂತು. ತಪ್ಪು ಮಿಕ್ಸಿಯ ಸ್ವಿಚ್ಚಿನದು; ಅಜಾಗರೂಕತೆ ಎಂಬ ಮಾತನ್ನು ಕಂಪನಿ ಹಿಂದಕ್ಕೆ ಪಡೆಯಬೇಕು, ಪರಿಹಾರದ ಜೊತೆಗೆ ಬೇರೆ ಮಾದರಿಯ ಹೊಸ ಮಿಕ್ಸಿ ಕೊಡಬೇಕು. ಬೆಣ್ಣೆಕೈ ಆ ಆದೇಶಕ್ಕೆ ಕಟ್ಟು ಹಾಕಿಸಿ ಕನ್ನಡಿಯ ಪಕ್ಕ ತೂಗುಹಾಕಿದ. ಗಿರಾಕಿಗಳು ಬಂದರು. ಮೊದಲ ಸಾಲಿನಿಂದ ಮೊಹರಿನವರೆಗೆ ಓದಿದರು. "ಸತ್ಯಕ್ಕೆ ಯಾವತ್ತೂ ಸಾವಿಲ್ಲ ಕಣಯ್ಯ" ಎಂದರು. ಕುರ್ಚಿಯಲ್ಲಿ ಕೂತು, "ಕಟಿಂಗ್ ಮಾತ್ರ" ಎಂದರು.

ಮುಖ ಬಾಡಿಸಿಕೊಂಡು ಮನೆಗೆ ಹೋದರೆ ತಾಯಿ ಹೊಸ ಮಿಕ್ಸಿಯ ಮೇಲೆ ಬಕೆಟ್ ಬೋರಲು ಹಾಕುತ್ತಿದ್ದಳು.

"ಅಮ್ಮ, ಇದು ಏನು ತಪ್ಪು ಮಾಡಿದೆ?"

"ಮಾಡಿದೆ ಅಂತ ನಾನೆಲ್ಲಿ ಅಂದೆ? ಇಟ್ಟಿಗೆ ಆಗಲೇ ತೆಗೆದಾಯ್ತು. ಬಕೆಟ್ಟೂ ತೆಗೀತೀನಿ, ಹೊಂದಿಕೊಳ್ಳೋಕೆ ಸ್ವಲ್ಪ ಬಿಡು."

ಅವನು ಬಹಳ ಹೊತ್ತು ಬಕೆಟ್ಟನ್ನೇ ನೋಡುತ್ತ ನಿಂತ. ಆಮೇಲೆ ಅವನ ಮುಖ ಅಷ್ಟು ಬಾಡಿರಲಿಲ್ಲ.

ಒಂದು ಮಧ್ಯಾಹ್ನ ಮೀಸೆ ವಕೀಲರು ಅಂಗಡಿಯ ಮುಂದೆ ಎರಡು ಸಲ ಹಾದುಹೋಗಿ, ಮೂರನೆಯ ಸಲ ಒಳಕ್ಕೆ ಬಂದರು.

"ಆ ಮೂಲೆಯವನು ನನ್ನ ಮುಖಾನ ತಕ್ಕಡಿ ಮಾಡಿಟ್ಟಿದಾನೆ. ಮೀಸೆ ಸರಿ ಮಾಡು" ಎಂದು ಕೂತರು. ಸ್ವಲ್ಪ ತಡೆದು, "ಗಡ್ಡಾನೂ" ಎಂದರು. ಹೇಳಿದವರೇ ಟವೆಲನ್ನು ಕತ್ತಿನ ಸುತ್ತ, ಗಲ್ಲ ಮುಚ್ಚುವಷ್ಟು ಬಿಗಿಯಾಗಿ ಸುತ್ತಿಕೊಂಡರು.

"ಸಾರ್, ಟವೆಲ್ ತೆಗೀದೆ ಗಡ್ಡ ಹೇಗೆ ತೆಗೀಲಿ?"

"ಚಳಿ ಕಣಯ್ಯ."

ಹೊರಗೆ ಬಿಸಿಲು ಸುಡುತ್ತಿತ್ತು. ಇಟ್ಟಿಗೆ ತೆಗೆದಿದ್ದಾರೆ, ಬಕೆಟ್ ಉಳಿದಿದೆ ಎಂದುಕೊಂಡ ಬೆಣ್ಣೆಕೈ. ಆತುರಪಡಲಿಲ್ಲ. ಮೀಸೆಯನ್ನು ಮೊದಲು ಸರಿಮಾಡಿದ. ಕೆನ್ನೆಗೆ ನೊರೆ ಹಚ್ಚಿದ. ಟವೆಲನ್ನು ಒಂದು ಬೆರಳಗಲ ಇಳಿಸಿ ಅಷ್ಟೇ ಜಾಗ ಬೋಳಿಸಿದ. ಮತ್ತೆ ಒಂದು ಬೆರಳಗಲ ಇಳಿಸಿದ. ಕುರ್ಚಿಯ ತೋಳು ಹಿಡಿದಿದ್ದ ವಕೀಲರ ಗೆಣ್ಣುಗಳು ಬಿಳಿಚಿಕೊಂಡಿದ್ದವು. ಗಂಟಲಿನ ಉಬ್ಬಿನ ಹತ್ತಿರ ಕತ್ತಿ ಬಂದಾಗ ಅವರು ಗೋಡೆಯ ಆದೇಶವನ್ನು ತುಟಿಯಾಡಿಸುತ್ತ ಓದತೊಡಗಿದರು. ಮೂರನೆಯ ಸಾಲಿಗೆ ತುಟಿ ನಿಂತಿತು. ಕೈ ಸಡಿಲವಾಯಿತು. ಬಾಯಿ ಸ್ವಲ್ಪ ತೆರೆದುಕೊಂಡಿತು.

ಬೆಣ್ಣೆಕೈ ಕತ್ತಿಯನ್ನು ಮೆಲ್ಲಗೆ ಒರೆಸಿ ಕೆಳಗಿಟ್ಟ, ಅಲುಗಾಡದೆ ನಿಂತ.

ಗೊರಕೆ ಮೊದಲು ಸಣ್ಣಗೆ, ಆಮೇಲೆ ಹಳೆಯ ಮಿಕ್ಸಿಯ ಹಾಗೆ ಹೊರಟಿತು. ರಸ್ತೆಯಲ್ಲಿ ಹೋಗುತ್ತಿದ್ದ ಗಡ್ಡದವನೊಬ್ಬ ನಿಂತು, ಬಾಗಿಲಲ್ಲಿ ತಲೆ ತೂರಿಸಿದ. ಕುರ್ಚಿಯನ್ನು ನೋಡಿದ, ಗೋಡೆಯ ಆದೇಶವನ್ನು ನೋಡಲಿಲ್ಲ.

"ಗಡ್ಡ ತೆಗೀಬೇಕಿತ್ತು. ತಡ ಆಗುತ್ತಾ?"

"ಆಗುತ್ತೆ" ಎಂದ ಬೆಣ್ಣೆಕೈ ಪಿಸುದನಿಯಲ್ಲಿ. "ಕೂತ್ಕೊಳ್ಳಿ. ಇವರನ್ನ ಎಬ್ಬಿಸೋಕೆ ನನಗೆ ಮನಸ್ಸಿಲ್ಲ."