ಮೂತಿ ಮೇಲಿದ್ದ ಲಾರಿ

ಪಾಳುಬಿದ್ದ ಲಾರಿಗಳ ಫೋಟೊ ತೆಗೆಯುವುದೂ ಒಂದು ಕಸುಬೇ ಎಂದು ಕೇಳುವವರಿಗೆ ಉತ್ತರ ಕೊಡುವುದನ್ನು ಸ್ಟುಡಿಯೋದವನು ಎಂದೋ ಬಿಟ್ಟಿದ್ದ. ಕಸುಬು ಬೇರೆ ಇತ್ತು. ವಾರವಿಡೀ ಪೇಟೆಯ ಮೂಲೆಯ ತನ್ನ ಅಂಗಡಿಯಲ್ಲಿ ಜನರನ್ನು ಸ್ಟೂಲಿನ ಮೇಲೆ ಕೂರಿಸಿ, 'ಗದ್ದ ಸ್ವಲ್ಪ ಕೆಳಗೆ, ಕಣ್ಣು ಮಿಟುಕಿಸಬೇಡಿ' ಎನ್ನುತ್ತಾ ಪಾಸ್‌ಪೋರ್ಟ್ ಅಳತೆಯ ಮುಖಗಳನ್ನು ತೆಗೆಯುತ್ತಿದ್ದ. ರಜೆಯ ದಿನ ಬಾಗಿಲೆಳೆದು, ಕ್ಯಾಮೆರಾ, ಸ್ಟ್ಯಾಂಡು, ಒಂದು ಬಾಟಲಿ ನೀರು ಹೊತ್ತು ಹೊರಟನೆಂದರೆ ಆಯಿತು. ಗುಜರಿ ಅಂಗಳ, ಪೊಲೀಸರು ಹಿಡಿದು ತಂದ ಗಾಡಿಗಳ ಮೈದಾನ, ಮುಚ್ಚಿದ ಕಾರ್ಖಾನೆಯ ಹಿತ್ತಿಲು, ಎಲ್ಲಿ ದೊಡ್ಡ ಲಾರಿಯೊಂದು ಸತ್ತು ಬಿದ್ದಿದೆಯೋ ಅಲ್ಲಿ ಇವನು ಹಾಜರು. ಊರಿಗೊಂದು ದಾರಿಯಾದರೆ ಇವನಿಗೊಂದು ದಾರಿ ಎಂದು ಪಕ್ಕದ ಅಂಗಡಿಯ ಟೈಲರ್ ನಗುತ್ತಿದ್ದ. ಮದುವೆಗೆ ಕರೆದರೆ ಬಾರದವನು ಲಾರಿಯ ಹೆಣಕ್ಕೆ ಕರೆಯದೆ ಹೋಗುತ್ತಾನೆ ಎಂದು ಅವನ ದೂರು.

ಶುರುವಾದದ್ದು ಹುಚ್ಚಿನಿಂದಲ್ಲ, ಅಣ್ಣನಿಂದ. ಅಣ್ಣ ಹತ್ತು ಗಾಲಿಯ ಲಾರಿ ಓಡಿಸುತ್ತಿದ್ದ. ಹನ್ನೆರಡು ವರ್ಷದ ಕೆಳಗೆ ತಾಮ್ರದ ಸುರುಳಿಗಳ ಲೋಡು ಹೇರಿಕೊಂಡು ಹೊರಟವನು ತಲುಪಬೇಕಾದ ಕಡೆ ತಲುಪಲಿಲ್ಲ, ಮನೆಗೂ ಬರಲಿಲ್ಲ. ಲೋಡೂ ಇಲ್ಲ, ಲಾರಿಯೂ ಇಲ್ಲ. ತಾಮ್ರವೆಂದರೆ ಸುಮ್ಮನೆಯೇ? ಡ್ರೈವರ್ ಮಾಲನ್ನೂ ಗಾಡಿಯನ್ನೂ ಮಾರಿಕೊಂಡು ಪರಾರಿಯಾದ ಎಂದು ಲಾರಿ ಮಾಲೀಕ ದೂರು ಕೊಟ್ಟ, ಪೊಲೀಸರು ಹಾಗೆಯೇ ಬರೆದುಕೊಂಡರು, ಬೀದಿ ಹಾಗೆಯೇ ನಂಬಿತು. ಅವತ್ತಿನಿಂದ ಅವರ ಮನೆಗೆ 'ಲಾರಿ ನುಂಗಿದವನ ಮನೆ' ಎಂದೇ ಗುರುತು. ಆಡುವವರ ಬಾಯಿಗೆ ಬೀಗ ಹಾಕುವವರು ಯಾರು? ಅಮ್ಮ ಅದೇ ಕೊರಗಿನಲ್ಲಿ ಹೋದಳು. ಅತ್ತಿಗೆ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಹಾಕುವ ಕೆಲಸಕ್ಕೆ ಸೇರಿ, ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಬದುಕು ತಳ್ಳುತ್ತಿದ್ದಳು. ಗಂಡ ಸತ್ತನೆಂದು ಅಳುವಂತಿಲ್ಲ, ಇದ್ದಾನೆಂದು ಕಾಯುವಂತಿಲ್ಲ.

ಮನುಷ್ಯನಾದರೆ ಅಡಗಿಕೊಂಡಾನು, ಹತ್ತು ಗಾಲಿಯ ಲಾರಿ ಎಲ್ಲಿ ಅಡಗೀತು? ಲಾರಿ ಸಿಕ್ಕರೆ ಅಣ್ಣ ಕಳ್ಳನೋ ಅಲ್ಲವೋ ತಿಳಿಯುತ್ತದೆ ಎಂದು ತಮ್ಮ ಹುಡುಕಲು ಹೊರಟ. ನಂಬರು ಹೇಳಿ ಕೇಳಿದ ಕಡೆಯಲ್ಲೆಲ್ಲ ಗುಜರಿಯವರು ನಾಯಿ ಬಿಟ್ಟರು. ಕ್ಯಾಮೆರಾ ಹೆಗಲಿಗೇರಿಸಿ ಹೋದಾಗ ಮಾತ್ರ ಅವರೇ ಗೇಟು ತೆಗೆದು, ಟೀ ಕೊಟ್ಟು, ತಮ್ಮದೂ ಒಂದು ತೆಗೆಯಿರಿ ಎಂದರು. ಹೀಗೆ ಕ್ಯಾಮೆರಾ ಬಂತು. ಜೇಬಿನಲ್ಲಿ ಅಣ್ಣ ತನ್ನ ಲಾರಿಯ ಮುಂದೆ ಎದೆಯುಬ್ಬಿಸಿ ನಿಂತ ಫೋಟೊ. ಅದನ್ನು ತೆಗೆದದ್ದೂ ಇವನೇ. ಸಿಕ್ಕ ಪ್ರತಿ ಲಾರಿಯ ಮೂತಿಯನ್ನೂ ಆ ಫೋಟೊಕ್ಕೆ ಹೋಲಿಸಿ ನೋಡುತ್ತಿದ್ದ.

ನೋಡುತ್ತ ನೋಡುತ್ತ ಅವನಿಗೆ ಲಾರಿಗಳ ಮೋಹ ಹತ್ತಿತು. ತುಕ್ಕು ಹಿಡಿದ ಬಾನೆಟ್ಟಿನ ಮೇಲೆ ಬಿಸಿಲು ಬೀಳುವ ಬಗೆ, ಒಡೆದ ಗಾಜಿನೊಳಗಿಂದ ತಲೆ ಹಾಕಿದ ಬಳ್ಳಿ, ಇವೆಲ್ಲ ರುಚಿಸತೊಡಗಿದವು. ಮೊದಲಿಗೆ ನಂಬರು ನೋಡಿ ಆಮೇಲೆ ಫೋಟೊ ತೆಗೆಯುತ್ತಿದ್ದ. ಆಮೇಲೆ ಫೋಟೊ ತೆಗೆದು ನಂಬರು ನೋಡುತ್ತಿದ್ದ. ಒಂದೆರಡು ವರ್ಷದಲ್ಲಿ ನಂಬರು ನೋಡುವುದೇ ನಿಂತಿತು, ಮೂತಿಯ ಜಾಲರಿ ನೋಡಿದರೆ ಸಾಕಾಗುತ್ತಿತ್ತು. ಅಡ್ಡಪಟ್ಟಿಯ ಜಾಲರಿಯಾದರೆ ಇಂಥ ಕಾಲದ್ದು, ದಪ್ಪ ಉದ್ದಪಟ್ಟಿಯದಾದರೆ ಅದಕ್ಕೂ ಹಿಂದಿನದು ಎಂದು ದೂರದಿಂದಲೇ ಹೇಳಿಬಿಡುತ್ತಿದ್ದ. ಅಣ್ಣನ ಲಾರಿಯದು ಅಡ್ಡಪಟ್ಟಿ.

ಇವನಂಥ ಹುಚ್ಚರು ಇನ್ನೂ ನಾಲ್ಕಾರು ಜನ ಅಲ್ಲಲ್ಲಿ ಇದ್ದರು, ಅವರದೊಂದು ಕಟ್ಟಳೆಯೂ ಇತ್ತು. ಗಾಡಿಗೆ ಕೈ ಹಚ್ಚಬಾರದು, ಬಾಗಿಲು ತೆಗೆಯಬಾರದು, ಇದ್ದದ್ದು ಇದ್ದ ಹಾಗೆ ತೆಗೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಜಾಗ ಯಾವುದೆಂದು ಗೊತ್ತಾಗಬಾರದು. ಫೋಟೊದಲ್ಲಿ ಕಂಬವೋ ಗುಡ್ಡವೋ ಬೋರ್ಡೋ ಕಂಡರೆ ಮಾರನೆಯ ದಿನವೇ ಗುಜರಿಯವರು ಗ್ಯಾಸ್ ಕಟರ್ ಹಿಡಿದು ಬಂದಿರುತ್ತಾರೆ. ಈ ಕಟ್ಟಳೆಯನ್ನು ಇವನಷ್ಟು ನಿಷ್ಠೆಯಿಂದ ಪಾಲಿಸಿದವರು ಇನ್ನೊಬ್ಬರಿಲ್ಲ.

ಹುಡುಕಾಟದ ನಾಲ್ಕನೆಯ ಬೇಸಿಗೆಯಲ್ಲಿ ಒಂದು ಸುದ್ದಿ ಬಂತು. ಹೆದ್ದಾರಿಯಿಂದ ಒಳಗೆ, ಕೆಲಸ ನಿಂತ ಕಲ್ಲಿನ ಕ್ವಾರಿಯಲ್ಲಿ ನೀರು ಇಳಿದು ಹಳೇ ಲಾರಿಯೊಂದರ ಮೂತಿ ಮೇಲೆ ಕಾಣುತ್ತಿದೆ, ಕ್ವಾರಿಯವರೇ ಎಸೆದು ಹೋದದ್ದಿರಬೇಕು ಎಂದರು. ಇವನು ಓಡಿದ. ಹಸಿರು ನೀರಿನಿಂದ ಲಾರಿಯ ಮುಖವೊಂದೇ ಆಕಾಶ ನೋಡುತ್ತ ಎದ್ದಿತ್ತು. ಬಂಪರು, ನಂಬರು ಎಲ್ಲ ನೀರಿನೊಳಗೆ. ಜಾಲರಿ ನೋಡಿದ. ದಪ್ಪ ಉದ್ದಪಟ್ಟಿ. ಅಣ್ಣನ ಲಾರಿ ಹುಟ್ಟುವ ಮೊದಲೇ ನಿಂತುಹೋದ ಮಾದರಿ. ಅಲ್ಲಿಗೆ ಆ ಮಾತು ಮುಗಿಯಿತು. ಉಳಿದದ್ದು ಫೋಟೊ. ಗಾಳಿ ನೀರನ್ನು ಕಲಕುತ್ತಿತ್ತು, ಇವನಿಗೆ ಕನ್ನಡಿಯಂಥ ನೀರು ಬೇಕಿತ್ತು. ಅಂಚಿನ ಬಂಡೆಯ ಮೇಲೆ ಎರಡು ದಿನ ಕೂತ. ಬನ್ನು ತಿಂದ, ಬಂಡೆಯ ಮೇಲೇ ಮಲಗಿದ. ಗಾಳಿ ನಿಂತ ಗಳಿಗೆಯಲ್ಲಿ ಕಪ್ಪುಬಿಳುಪಿನಲ್ಲಿ ತೆಗೆದ ಆ ಒಂದು ಫೋಟೊ ಅವನಿಗೆ ಹೆಸರನ್ನೂ ಒಂದು ಬಹುಮಾನವನ್ನೂ ತಂದಿತು. ಈ ವರ್ಷ ಟೈರಿನ ಕಂಪನಿಯೊಂದು ಅದನ್ನು ತನ್ನ ಕ್ಯಾಲೆಂಡರಿಗೂ ಹಾಕಿತು. ಕೆಳಗೆ ಇವನ ಹೆಸರು, ಇವನೇ ಬರೆದುಕೊಟ್ಟ ನಾಲ್ಕು ಸಾಲು.

ಅತ್ತಿಗೆ ಮೈದುನನ ಫೋಟೊಗಳನ್ನು ಎಂದೂ ನೋಡಿದವಳಲ್ಲ. ಸತ್ತ ಗಾಡಿಗಳ ಮುಖ ನೋಡಿ ನನಗೇನಾಗಬೇಕು ಎನ್ನುತ್ತಿದ್ದಳು. ಆದರೆ ಕ್ಯಾಲೆಂಡರು ಯಾರನ್ನು ಕೇಳಿ ಗೋಡೆಗೇರುತ್ತದೆ? ಲಾಂಡ್ರಿಯಲ್ಲಿ ಅವಳ ಇಸ್ತ್ರಿ ಮೇಜಿನ ಎದುರಿಗೇ ನೇತುಹಾಕಿದ್ದರು. ಹೊಸ ತಿಂಗಳ ಹಾಳೆ ತಿರುಗಿಸಿದ ದಿನ ಅವಳು ಅದನ್ನು ಹರಿದುಕೊಂಡು ನೇರ ಸ್ಟುಡಿಯೋಕ್ಕೆ ಬಂದಳು. ಸ್ಟೂಲಿನ ಮೇಲೆ ಗಿರಾಕಿಯೊಬ್ಬ ಕಣ್ಣು ಮಿಟುಕಿಸದೆ ಕೂತಿದ್ದ. ಅವನು ಎದ್ದು ಹೋಗುವವರೆಗೂ ಬಾಗಿಲಲ್ಲೇ ನಿಂತಿದ್ದಳು.

"ಇದನ್ನ ದೊಡ್ಡದು ಮಾಡೋಕಾಗುತ್ತಾ? ಈ ಜಾಲರಿ ಮೂಲೆ ಮಾತ್ರ."

"ಯಾಕತ್ತಿಗೆ?"

"ಮೊದಲು ಮಾಡು. ಆಮೇಲೆ ಹೇಳ್ತೀನಿ."

ನೆಗೆಟಿವ್ ಹುಡುಕಿ ದೊಡ್ಡದು ಮಾಡಿದ. ಜಾಲರಿಯ ಮೂಲೆಗಳಲ್ಲಿ ಬೋಲ್ಟು ಇರಲಿಲ್ಲ, ತಂತಿ ಇತ್ತು. ಎರಡೆಳೆ ಹೊಸೆದು, ಕೈಗೆ ಚುಚ್ಚದ ಹಾಗೆ ತುದಿಯನ್ನು ಒಳಕ್ಕೆ ಮಡಚಿದ ತಂತಿ. ಅತ್ತಿಗೆ ಅದರ ಮೇಲೆ ಬೆರಳಿಟ್ಟಳು.

"ನಮ್ಮ ಬಟ್ಟೆ ಒಣಗಿಸೋ ತಂತಿ ಇದು. ನಾನೇ ಬಿಚ್ಚಿಕೊಟ್ಟಿದ್ದು. ಹೊರಡೋ ಹಿಂದಿನ ಸಂಜೆ ನಿಮ್ಮಣ್ಣ ಎಲ್ಲೋ ಗೋಡೆಗೆ ತಾಗಿಸಿ ಮುಂದಿನ ಜಾಲರಿನ ಒಡ್ಕೊಂಡು ಬಂದಿದ್ರು. ಓನರಿಗೆ ಗೊತ್ತಾದ್ರೆ ಬೈತಾನೆ ಅಂತ ಗುಜರಿಯಿಂದ ಯಾವುದೋ ಹಳೇದು ತಂದು ಕೂರಿಸಿದ್ರು. ತೂತು ಹೊಂದಲಿಲ್ಲ, ತಂತಿ ಕೊಡು ಅಂದ್ರು. ನಾನು ದೀಪ ಹಿಡ್ಕೊಂಡಿದ್ದೆ."

ಸ್ಟುಡಿಯೋದವನು ಗಿರಾಕಿಗಳ ಸ್ಟೂಲಿನ ಮೇಲೆ ಕೂತ.

"ಇದನ್ನ ನನಗೆ ಯಾಕೆ ಹೇಳಲಿಲ್ಲ ಅತ್ತಿಗೆ?"

"ನೀನು ಕೇಳಿದ್ದು ಯಾವಾಗ? ಜೇಬಲ್ಲಿ ಫೋಟೊ ಇಟ್ಕೊಂಡು ಓಡಾಡ್ತಿದ್ದೆ. ಗಾಡಿ ವಿಷಯ ನನಗಿಂತ ನಿನಗೇ ಚೆನ್ನಾಗಿ ಗೊತ್ತು ಅಂದ್ಕೊಂಡೆ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂದು ಜನ ನಗುವುದುಂಟು. ಇವನು ಆ ಕೂಸನ್ನು ಚೌಕಟ್ಟು ಹಾಕಿಸಿ ಪ್ರದರ್ಶನಕ್ಕಿಟ್ಟಿದ್ದ, ಬಹುಮಾನ ತಗೊಂಡಿದ್ದ.

ಅತ್ತಿಗೆ ಹಾಳೆಯನ್ನು ಇನ್ನೂ ನೋಡುತ್ತಿದ್ದಳು. "ಮೂತಿ ಮೇಲಿದೆ ಅಂದ್ರೆ ಹಿಂಬದಿ ಮೊದಲು ಹೋಗಿದೆ. ದಾರಿ ತಪ್ಪಿ ಒಳಗೆ ಬಂದು, ತಿರುಗಿಸೋಕೆ ಹಿಂದಕ್ಕೆ ತಗೊಂಡಿರ್ತಾರೆ. ಹಿಂದೆ ನಿಂತು ದಾರಿ ಹೇಳೋ ಕ್ಲೀನರಿಗೆ ಆ ಸಲ ಜ್ವರ, ಬಂದಿರಲಿಲ್ಲ." ಹಾಳೆಯಿಂದ ಕಣ್ಣೆತ್ತಿ, "ನೀನು ಎಷ್ಟು ಹೊತ್ತು ಇದ್ದೆ ಅಲ್ಲಿ?" ಎಂದಳು.

"ಎರಡು ದಿನ. ನೀರು ಅಲುಗಾಡ್ತಿತ್ತು."

"ಎರಡು ದಿನ ಅವರ ಪಕ್ಕದಲ್ಲೇ ಕೂತಿದ್ದೆ ಹಾಗಾದ್ರೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಅದರ ಮರೆಯಲ್ಲಾದರೂ ನಿಲ್ಲಬಹುದಿತ್ತು.

ಮಾರನೆಯ ದಿನ ಇಬ್ಬರೂ ಪೊಲೀಸ್ ಠಾಣೆಗೆ ಹೋದರು. ಈಗಿನ ಅಧಿಕಾರಿ ಒಳ್ಳೆಯ ಮನುಷ್ಯ. ಕೂರಿಸಿದ, ನೀರು ಕೊಟ್ಟ, ಹಳೆಯ ಕಡತವನ್ನು ತರಿಸಿದ, ಎಲ್ಲವನ್ನೂ ಕೇಳಿದ. ಆಮೇಲೆ ಕ್ಯಾಲೆಂಡರಿನ ಹಾಳೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು ಕೆಳಗಿನ ಸಾಲುಗಳನ್ನು ಗಟ್ಟಿಯಾಗಿ ಓದಿದ.

"'ಈ ಮಾದರಿಯ ತಯಾರಿಕೆ ನಿಂತು ದಶಕಗಳೇ ಕಳೆದಿವೆ. ಇದರ ಕಾಲ ಹೇಳಲು ಜಾಲರಿಯೊಂದೇ ಸಾಕು, ಬೇರೆ ಸಾಕ್ಷಿ ಬೇಡ.' ಇದು ನೀವೇ ಬರೆದಿದ್ದಲ್ವಾ?"

"ಹೌದು ಸರ್. ತಪ್ಪು ಬರೆದೆ."

"ನಮ್ಮ ಕಡತದಲ್ಲಿರೋ ಗಾಡಿ ಅದಾಗಿ ಎಷ್ಟೋ ವರ್ಷದ ಮೇಲೆ ತಯಾರಾಗಿದ್ದು. ನಿಮ್ಮ ಮಾತಿನ ಪ್ರಕಾರ ನೋಡಿದ್ರೆ ಇದು ನಿಮ್ಮಣ್ಣನ ಗಾಡಿ ಅಲ್ಲ. ಈಗ ಹೌದು ಅಂತೀರಿ. ನಾನು ಯಾವುದನ್ನ ಹಿಡೀಲಿ ಹೇಳಿ?"

"ತಂತಿ ಇದೆಯಲ್ಲ," ಎಂದಳು ಅತ್ತಿಗೆ.

"ತಂತಿ ಎಲ್ಲರ ಮನೇಲೂ ಇರುತ್ತಮ್ಮ." ಅವನು ತಲೆ ತಗ್ಗಿಸಿ ಹಾಳೆ ಮಡಚಿ ಕೊಟ್ಟ. "ಗಾಡಿ ಎತ್ತಿಸಿ ನೋಡೋಣ ಅಂದ್ರೆ ಆ ಕ್ವಾರಿನೇ ಇಲ್ಲ. ನೀವು ಈಚೆಗೆ ಆ ಕಡೆ ಹೋಗಿಲ್ವಾ? ಊರಿನ ಮುರಿದ ಕಟ್ಟಡಗಳ ಕಲ್ಲುಮಣ್ಣೆಲ್ಲ ತುಂಬಿ, ಮೇಲೆ ಕಾಂಕ್ರೀಟ್ ಹಾಕಿ ಲಾರಿ ಸ್ಟ್ಯಾಂಡ್ ಮಾಡಿದಾರೆ. ಒಂದು ಕ್ಯಾಲೆಂಡರ್ ತೋರಿಸಿ ಅದನ್ನ ಅಗೀರಿ ಅಂತ ಕೇಳೋಕೆ ನನ್ನ ಕೈಲಾಗಲ್ಲ. ನನ್ನ ಮೇಲಿನವರ ಕೈಲೂ ಆಗಲ್ಲ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ವಾದಿಸುವವರನ್ನು ಒಪ್ಪಿಸುವುದು ಕಷ್ಟವೆನ್ನುತ್ತಾರೆ. ಇಲ್ಲಿ ಮೊಲ ಹಿಡಿದವನೇ ಬಂದು ನಾಲ್ಕು ಕಾಲೆಂದು ಅಂಗಲಾಚಿದರೂ ಕೇಳುವವರಿರಲಿಲ್ಲ.

ಠಾಣೆಯ ಮೆಟ್ಟಿಲಿಳಿದ ಮೇಲೆ ಅತ್ತಿಗೆ ಮನೆಯ ದಾರಿ ಹಿಡಿಯಲಿಲ್ಲ. "ಆ ಜಾಗ ತೋರಿಸು" ಎಂದಳು, ಅಷ್ಟೇ.

ಬಸ್ಸಿಳಿದು ಒಳರಸ್ತೆಯಲ್ಲಿ ನಡೆದರು. ಕ್ವಾರಿಯಿದ್ದ ಕಡೆ ಕಣ್ಣು ಹಾಯುವಷ್ಟು ದೂರ ಬಿಳಿ ಕಾಂಕ್ರೀಟು. ಸಾಲುಸಾಲಾಗಿ ಲಾರಿಗಳು, ಡೀಸೆಲ್ಲಿನ ವಾಸನೆ, ಕ್ಯಾಂಟೀನಿನ ಪಕ್ಕ ಬನಿಯನ್ ಹಿಂಡುತ್ತಿದ್ದ ಡ್ರೈವರುಗಳು. ಅಷ್ಟು ಲಾರಿಗಳಿದ್ದರೂ ಸ್ಟುಡಿಯೋದವನು ಒಂದರ ಮೂತಿಯನ್ನೂ ನೋಡಲಿಲ್ಲ.

"ಎಲ್ಲಿ?"

ಅವನು ಸುತ್ತ ತಿರುಗಿದ. ಕೂತಿದ್ದ ಬಂಡೆ ಇಲ್ಲ, ಅಂಚು ಇಲ್ಲ, ಇಳಿಜಾರು ಇಲ್ಲ. ಚೀಲದಿಂದ ಫೋಟೊ ತೆಗೆದ. ಅದರಲ್ಲಿ ಲಾರಿಯ ಮೂತಿ, ನೀರು, ನೀರಿನಲ್ಲಿ ಮತ್ತದೇ ಮೂತಿ. ಹಿಂದೆ ಒಂದು ಗುಡ್ಡವಿಲ್ಲ, ಒಂದು ಕಂಬವಿಲ್ಲ. ಅವತ್ತು ಅಲ್ಲಿ ಗುಡ್ಡವೂ ಇತ್ತು, ಕಂಬವೂ ಇತ್ತು. ಸ್ಟ್ಯಾಂಡನ್ನು ಅರ್ಧ ದಿನ ಅತ್ತಿತ್ತ ಸರಿಸಿ ಸರಿಸಿ ಅವುಗಳನ್ನು ಒಂದೊಂದಾಗಿ ಹೊರಗೆ ಹಾಕಿದ್ದವನು ಇವನೇ. ಬೇರೆ ನೆಗೆಟಿವ್‌ಗಳಲ್ಲೂ ಅದೇ ಜಾಣತನ. ಗುಜರಿಯವರಿಗೆ ಸಿಗದ ಹಾಗೆ ಮುಚ್ಚಿಟ್ಟ ಜಾಗ ಈಗ ಅವನಿಗೂ ಸಿಗಲಿಲ್ಲ.

ಅತ್ತಿಗೆ ಕಾಯುತ್ತಿದ್ದಳು. ಗೊತ್ತಿಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಸಾಲಿನ ನಡುವೆ ಖಾಲಿಯಿದ್ದ ಒಂದು ಕಡೆಗೆ ಬೆರಳು ಮಾಡಿ, "ಇಲ್ಲೇ ಅತ್ತಿಗೆ," ಎಂದ.

ಅವಳು ಅವನ ಮುಖವನ್ನೇ ನೋಡಿದಳು. ಹನ್ನೆರಡು ವರ್ಷ ಒಂದೇ ಒಲೆಯ ಅನ್ನ ಉಂಡವನ ಸುಳ್ಳು ತಿಳಿಯದಷ್ಟು ದಡ್ಡಿಯಲ್ಲ ಅವಳು. ಆದರೂ ಹೋಗಿ ಅಲ್ಲಿ ನಿಂತಳು. ಸೆರಗನ್ನು ಎರಡೂ ಭುಜದ ಮೇಲೆ ಎಳೆದುಕೊಂಡು, ಕಾಂಕ್ರೀಟಿನ ಮೇಲಿನ ಎಣ್ಣೆಯ ಕಲೆಯನ್ನು ನೋಡುತ್ತ ನಿಂತಳು. ಅಳು ಬಂದಂತಿರಲಿಲ್ಲ. ಯಾವ ಜಾಗವೆಂದು ತಿಳಿಯದೆ ಅಳುವುದಾದರೂ ಹೇಗೆ?

ಹಿಂದಿನಿಂದ ಹಾರನ್ ಕೇಳಿತು. ತುಂಬಿದ ಲಾರಿಯೊಂದು ಆ ಖಾಲಿ ಜಾಗಕ್ಕೆ ಹಿಂಬದಿ ಮಾಡಿಕೊಂಡು ನಿಂತಿತ್ತು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಅಮ್ಮಾ, ಸ್ವಲ್ಪ ಸರಿದು ನಿಂತ್ಕೊಳ್ಳಿ. ಹಿಂದಕ್ಕೆ ತಗೋಬೇಕು, ನೋಡೋಕೆ ಯಾರೂ ಇಲ್ಲ."

ಅತ್ತಿಗೆ ಸರಿದಳು. ಸರಿದವಳು ಮೈದುನನ ಬಳಿಗೆ ಬರಲಿಲ್ಲ. ಲಾರಿಯ ಹಿಂಬದಿಗೆ ಹೋಗಿ, ಕನ್ನಡಿಯಲ್ಲಿ ಡ್ರೈವರಿಗೆ ಕಾಣುವ ಹಾಗೆ ಒಂದು ಕಡೆ ನಿಂತು, ಕೈ ಎತ್ತಿದಳು.

"ಬರ್ಲಿ," ಎಂದಳು. "ಬರ್ಲಿ, ಬರ್ಲಿ. ಇನ್ನೂ ಬರ್ಲಿ." ಹಿಂದಿನ ಗೋಡೆಯವರೆಗೆ ಇನ್ನೂ ಬೇಕಾದಷ್ಟು ಜಾಗವಿತ್ತು. ಆದರೂ ಅಂಗೈಯಿಂದ ಲಾರಿಯ ಮೈಯನ್ನು ಬಡಿಯತೊಡಗಿದಳು. "ಹೋಲ್ಡಾನ್. ಹೋಲ್ಡಾನ್." ಲಾರಿ ನಿಂತಿತು. ನಿಂತ ಮೇಲೂ ಬಡಿಯುತ್ತಲೇ ಇದ್ದಳು. ಸ್ಟುಡಿಯೋದವನು ಹೋಗಿ ಆ ಕೈಯನ್ನು ಹಿಡಿದುಕೊಳ್ಳಬೇಕಾಯಿತು.

ಡ್ರೈವರ್ ಇಳಿದು ಬಂದ. ಗಾಡಿಗೂ ಹಿಂದಿನ ಗೋಡೆಗೂ ನಡುವೆ ಉಳಿದ ಜಾಗವನ್ನು ನೋಡಿ, ಇವರಿಬ್ಬರನ್ನು ನೋಡಿದ.

"ಯಾರನ್ನಾದ್ರೂ ಹುಡುಕ್ತಿದ್ದೀರಾ ಅಮ್ಮಾ?"

"ಇಲ್ಲಪ್ಪ," ಎಂದಳು ಅತ್ತಿಗೆ. "ಹುಡುಕ್ತಿದ್ವಿ. ಇನ್ನು ಇಲ್ಲ."

ಅವನು ಬಾಗಿಲಿಗೆ ಬೀಗ ಹಾಕಿ ಕ್ಯಾಂಟೀನಿನ ಕಡೆ ಹೋದ. ಇವರು ಬಸ್ಸಿಗೆಂದು ರಸ್ತೆಯ ಕಡೆ ನಡೆದರು.